ಅಗಸಿಯಿಂದ ಬಂದ ಲೈನು

"ಲೈನ್ ಬರೋತನಕ ಡಬ್ಬಿ ಲೈನಿಗೆ ಇಟ್ಟು ಹೋಗ್ರಿ ಅಕ್ಕಾರ."

ಇಷ್ಟೇ ಮಾತು. ತಾವರಗೇರಾದ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ಗಿರಣಿಯವ ಮೈಮೇಲಿನ ಹಿಟ್ಟು ಜಾಡಿಸಿಕೊಳ್ಳುತ್ತ ಹೇಳಿದ, ನಾನು ಡಬ್ಬಿ ಇಟ್ಟು ಹೊರಟೆ. ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಆ ಮಾತು ಹಿಂದಿನಿಂದ ಬಂದು ಸೆರಗು ಹಿಡಿದು ಜಗ್ಗಿತು. ಏನು ಹೇಳಿದ ಅವನು? ಮೊದಲನೆಯ ಲೈನು ಕರೆಂಟು. ಎರಡನೆಯ ಲೈನು ಪಾಳಿ. ಒಂದೇ ಉಸಿರಿನ ಮಾತಿನೊಳಗೆ ಒಂದೇ ಪದ ಎರಡು ಸಲ ಬಂದು ಎರಡು ಬೇರೆ ಬೇರೆ ಕೆಲಸ ಮಾಡಿ ಹೋಗಿದೆ. ಹೇಳಿದವನ ನಾಲಿಗೆ ತೊಡರಲಿಲ್ಲ, ಕೇಳಿದ ನನ್ನ ಕಿವಿಯೂ ತಡವರಿಸಲಿಲ್ಲ!

ನಾನು ತಿರುಗಿ ಬಂದೆ. ಗಿರಣಿಯ ಕಟ್ಟೆಯ ಮೇಲೆ ಕೂತೇ ಬಿಟ್ಟೆ. ಸ್ಟೀಲಿನ ಡಬ್ಬಿ, ಎಣ್ಣೆಯ ಹಳೆಯ ತಗಡಿನ ಡಬ್ಬಿ, ಬಾಯಿ ಕಟ್ಟಿದ ಗೊಬ್ಬರದ ಚೀಲ, ಒಂದು ಪ್ಲಾಸ್ಟಿಕ್ ಬಕೀಟು, ಎಲ್ಲ ಬಾಗಿಲಿಂದ ರಸ್ತೆಯವರೆಗೆ ತಮ್ಮ ತಮ್ಮ ಒಡತಿಯರ ಪರವಾಗಿ ನಿಂತಿದ್ದವು. ಗಿರಣಿಯವ ಫೋನು ಕಿವಿಗಿಟ್ಟು, "ಲೈನ್‌ಮನ್‌ಗ ಹಚ್ಚೇನ್ರಿ, ಲೈನ್ ಸಿಗವಲ್ದು" ಅಂದ. ಇದು ಮೂರನೆಯದು, ನಾಲ್ಕನೆಯದು! ಎದುರಿನ ಪಾನ್ ಡಬ್ಬಿಯ ಹತ್ತಿರ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬೈಕಿನ ಮೇಲೆ ಕೂತಿದ್ದ ಹುಡುಗನನ್ನು ನೋಡಿ, ಪಾಳಿಯಲ್ಲಿದ್ದ ಒಬ್ಬ ಅಕ್ಕ ಇನ್ನೊಬ್ಬಳ ಕಿವಿಯಲ್ಲಿ, "ಕಾಲೇಜಿನ ಬಸ್ ಬರೋ ಹೊತ್ತಾತು, ಲೈನ್ ಹೊಡಿಯಾಕ ಬಂದು ಕುಂತಾನ ನೋಡು" ಅಂದಳು. ಐದು! ಕೈಚೀಲದಲ್ಲಿ ಸಿಕ್ಕ ಕಿರಾಣಿ ಚೀಟಿಯ ಬೆನ್ನಿಗೆ ಬರೆದುಕೊಳ್ಳತೊಡಗಿದೆ. ಹೀಗೆ ಶುರುವಾದದ್ದು ಎಷ್ಟೋ ದಿನ ನನ್ನನ್ನು ಬಿಡಲೇ ಇಲ್ಲ.

ಚಿಗವ್ವನ ಮನೆಗೆಂದು ಬಂದವಳು ನಾನು. ಕುಷ್ಟಗಿ ತಾಲ್ಲೂಕಿನ ಈ ಊರಿಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಆದರೆ ಕಿವಿ ತೆರೆದುಕೊಂಡು ಬಂದದ್ದು ಇದೇ ಮೊದಲು ಅನ್ನಬೇಕು. ಮಾರನೆಯ ದಿನ ಬಸ್‌ಸ್ಟ್ಯಾಂಡಿಗೆ ಹೋದೆ. ಕಂಡಕ್ಟರೊಬ್ಬರು ಚಹಾ ಕುಡಿಯುತ್ತ, "ನಾ ಈಗ ಸಿಂಧನೂರು ಲೈನ್ ಬಿಟ್ಟು ಹೊಸಪೇಟಿ ಲೈನಿಗೆ ಬಂದೀನಿ" ಅನ್ನುತ್ತಿದ್ದರು. ಅಲ್ಲಿ ಲೈನು ಅಂದರೆ ಬಸ್ಸಿನ ದಾರಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮೊಮ್ಮಗನ ವಿಷಯ ತೆಗೆದು, "ಅವಂಗ ಡಾಕ್ಟರ್ ಲೈನ್ ಬ್ಯಾಡಂತ, ಕಂಪ್ಯೂಟರ್ ಲೈನಿಗೆ ಹೋಗತಾನಂತ" ಅಂದರು. ಅಲ್ಲಿ ಲೈನು ಅಂದರೆ ಬದುಕಿನ ಕಸುಬು. "ಮದಲ ಭಾಳ ಉಡಾಳಿದ್ದ, ಅವರ ಮಾಸ್ತರು ಹಿಡದು ಲೈನಿಗೆ ತಂದ್ರು" ಅಂತಲೂ ಸೇರಿಸಿದರು. ಅಲ್ಲಿ ಲೈನು ಅಂದರೆ ಶಿಸ್ತು, ನಡತೆ, ಸರಿದಾರಿ. ಒಂದು ಕಪ್ಪು ಚಹಾ ಆರುವುದರೊಳಗೆ ಮೂರು!

ಪುಸ್ತಕದಂಗಡಿಯ ಹುಡುಗಿ ನೋಟ್‌ಬುಕ್ ಕೇಳಿದ ಪುಟ್ಟನಿಗೆ, "ಎಂಥಾದ್ದು ಬೇಕೋ? ಸಿಂಗಲ್ ಲೈನೋ, ಡಬಲ್ ಲೈನೋ, ಫೋರ್ ಲೈನೋ?" ಅಂತ ಕೇಳಿದಳು. ನನ್ನ ಎದೆ ಝಗ್ಗೆಂದಿತು. ಕನ್ನಡ ದುಂಡಗೆ ಬರೆಯಲು ಎರಡು ಗೆರೆ ಸಾಕು. ಇಂಗ್ಲಿಷಿಗೆ ನಾಲ್ಕು ಗೆರೆ ಬೇಕು, ಏಕೆಂದರೆ ಅದರ ಅಕ್ಷರಗಳಲ್ಲಿ ಕೆಲವು ಮೇಲಕ್ಕೆ ಕೈ ಚಾಚುತ್ತವೆ, ಕೆಲವು ಕೆಳಗೆ ಕಾಲು ಇಳಿಬಿಡುತ್ತವೆ. ಅಂದರೆ ನಾನು ಮೊದಲ ಸಲ ಲೈನ್ ಎಂಬ ಇಂಗ್ಲಿಷ್ ಪದವನ್ನು ಬರೆದಾಗ ನಾಲ್ಕು ಲೈನುಗಳ ನಡುವೆಯೇ ಕೂಡಿಸಿ ಬರೆದಿರಬೇಕು. ಆ ಪದವನ್ನು ಹಿಡಿದಿಟ್ಟಿದ್ದೂ ಲೈನೇ!

ಸಂಜೆ ಶಾಲೆಯ ಬಯಲಿನಲ್ಲಿ ಹುಡುಗರು ಸುಣ್ಣದ ಪುಡಿ ಸುರಿದು ಕಬಡ್ಡಿಯ ಅಂಕಣ ಹಾಕುತ್ತಿದ್ದರು. ನಡುಗೆರೆಯಿಂದ 3.75 ಮೀಟರಿಗೆ ಬಾಲ್ಕ್ ಲೈನ್, ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಲೈನ್. ಹುಡುಗರ ಬಳಿ ಟೇಪು ಇರಲಿಲ್ಲ, ಪಾದ ಎಣಿಸಿ ಹಾಕಿದರು. ಬಾಲ್ಕ್ ಲೈನ್ ದಾಟದೆ ಹಿಂದಿರುಗಿದ ರೈಡರ್ ಔಟು. ಬೋನಸ್ ಲೈನಿನಾಚೆ ಒಂದು ಕಾಲು ಊರಿ ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಅಂಕ. ನೆಲದ ಮೇಲಿನ ಒಂದು ಹಿಡಿ ಸುಣ್ಣ ಒಬ್ಬ ಹುಡುಗನನ್ನು ಗೆಲ್ಲಿಸುತ್ತದೆ, ಇನ್ನೊಬ್ಬನನ್ನು ಹೊರಗೆ ಕೂರಿಸುತ್ತದೆ.

ಇಂಗ್ಲಿಷಿನ ಪುಟ್ಟ ಪದಗಳಿಗೆ ಹೀಗೆ ಅರ್ಥ ತುಂಬಿಕೊಳ್ಳುವ ಹಸಿವು ಇದೆ ಎಂದು ಕೇಳಿದ್ದೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಮೂರಕ್ಷರದ ಪದಕ್ಕೆ 430 ಅರ್ಥಛಾಯೆಗಳಿದ್ದವು. ಆಮೇಲೆ 'ರನ್' ಎಂಬ ಕ್ರಿಯಾಪದವೊಂದಕ್ಕೇ 645 ಅರ್ಥ ಸಿಕ್ಕವೆಂದು 2011ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆದರೆ ಆ ಲೆಕ್ಕಗಳು ದೂರದ ಊರಿನವು. ನನ್ನ ಕಿರಾಣಿ ಚೀಟಿಯ ಲೆಕ್ಕ ಇಲ್ಲಿಯದು. ಅದರಲ್ಲಿ ಇಂಗ್ಲೆಂಡಿನ ನಿಘಂಟಿಗೆ ಗೊತ್ತಿರದ ಅರ್ಥಗಳೂ ಇದ್ದವು. ಬೈಕಿನ ಮೇಲೆ ಕೂತ ಹುಡುಗನ ಲೈನು ನಮ್ಮವರೇ ಹುಟ್ಟಿಸಿದ್ದು!

ಇನ್ನೂ ಒಂದು ಇದೆ, 'ಲೈನ್ ಕ್ಲಿಯರ್.' ಮದುವೆಗೆ ಹುಡುಗಿಯ ಮನೆಯವರು ಒಪ್ಪಿದರೆ ಲೈನ್ ಕ್ಲಿಯರ್, ಸಾಲ ಮಂಜೂರಾದರೆ ಲೈನ್ ಕ್ಲಿಯರ್. ಇದು ರೈಲಿನಿಂದ ಬಂದ ಮಾತು. ಒಂದು ಹಳಿಯ ದಾರಿಯಲ್ಲಿ ಮುಂದಿನ ನಿಲ್ದಾಣದ ಸ್ಟೇಶನ್ ಮಾಸ್ತರು ದಾರಿ ತೆರವಾಗಿದೆ, ಕಳಿಸಿರಿ ಎಂದು ಒಪ್ಪಿಗೆ ಕೊಡುವುದೇ ಲೈನ್ ಕ್ಲಿಯರ್. ಅದು ಸಿಗದೆ ಗಾಡಿ ಕದಲುವಂತಿಲ್ಲ. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ, ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ತುಂಡು ತೆರೆದಾಗ. ಅದಕ್ಕೂ ಎಷ್ಟೋ ವರ್ಷ ಮೊದಲೇ ರೈಲಿನ ಮಾತು ಈ ಕಡೆಯವರ ನಾಲಿಗೆಗೆ ಬಂದು ಇಳಿದಿತ್ತು. ಹಳಿ ಹಾಕುವ ಮುಂಚೆ ಪದ ಬಂದು ಜಾಗ ಹಿಡಿದಿತ್ತು!

ಪದಕ್ಕೆ ಕರಾಳ ಮುಖಗಳೂ ಇವೆ, ಹೇಳದೆ ಇರಲಾರೆ. ಡೆಡ್‌ಲೈನ್ ಅನ್ನುತ್ತೇವಲ್ಲ, ಅರ್ಜಿ ಹಾಕಲು ಕೊನೆಯ ದಿನಕ್ಕೆ? ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಎಂಬಲ್ಲಿದ್ದ ಕೈದಿಗಳ ಶಿಬಿರದ ಗೋಡೆಯ ಒಳಬದಿಗೆ ಒಂದು ಕಟ್ಟಿಗೆಯ ಅಡ್ಡಗಟ್ಟು ಇತ್ತು. ಅದನ್ನು ದಾಟಿದ ಕೈದಿಗೆ ಗುಂಡು. ಆ ಗಡಿಯ ಹೆಸರು ಡೆಡ್‌ಲೈನ್. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಅದು ಪತ್ರಿಕಾ ಕಚೇರಿಗೆ ಬಂತು, ಅಲ್ಲಿಂದ ನಮ್ಮ ಸ್ಕಾಲರ್‌ಶಿಪ್ ಅರ್ಜಿಗೆ. 1947ರಲ್ಲಿ ರ್‍ಯಾಡ್‌ಕ್ಲಿಫ್ ಎಂಬ ವಕೀಲ ಐದಾರು ವಾರಗಳಲ್ಲಿ ಭಾರತ–ಪಾಕಿಸ್ತಾನಗಳ ನಡುವೆ ಎಳೆದ ಲೈನು ಎಷ್ಟು ಲಕ್ಷ ಜನರನ್ನು ಮನೆ ಬಿಡಿಸಿತು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಾವರಗೇರಾದ ಮೇಲೂ ಒಂದು ಲೈನು ಹಾದು ಹೋಗಿದೆ. 1948ರವರೆಗೆ ಇದು ಹೈದರಾಬಾದ್ ನಿಜಾಮರ ಸೀಮೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಗಿ ರಾಯಚೂರು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಮತ್ತೊಂದು ಗೆರೆ ಎಳೆದು ಕೊಪ್ಪಳ ಜಿಲ್ಲೆ ಮಾಡಿದರು. ಚಿಗವ್ವನ ಮಾವ, ನಾವೆಲ್ಲ ಮುತ್ಯಾ ಅನ್ನುವವರು, ತಾವು ಹುಟ್ಟಿದ ಮನೆಯ ಹೊಸ್ತಿಲು ಬಿಟ್ಟು ಎಲ್ಲಿಗೂ ಹೋದವರಲ್ಲ. ಆದರೂ ಎರಡು ರಾಜ್ಯ, ಎರಡು ಜಿಲ್ಲೆಯ ನಿವಾಸಿ ಆದರು. ಮನುಷ್ಯ ನಿಂತಲ್ಲೇ ನಿಂತಿದ್ದಾನೆ, ಲೈನು ನಡೆದು ಹೋಗಿದೆ.

ಮೂರನೆಯ ದಿನ ದರ್ಜಿಯ ಅಂಗಡಿಗೆ ಹೋದೆ. ಇಳಕಲ್ ಸೀರೆಗೆ ಜಂಪರ್ ಹೊಲಿಸಬೇಕಿತ್ತು. ಅಳತೆ ತೆಗೆದುಕೊಂಡ ಮೇಲೆ ದರ್ಜಿಯಕ್ಕ ಕೇಳಿದಳು, "ಲೈನಿಂಗ್ ಹಾಕಲೇನ್ರಿ, ಸಾದಾ ಹೊಲೀಲೇನ್ರಿ?"

ಲೈನಿಂಗ್! ಜಂಪರಿನ ಒಳಗೆ ಹಾಕುವ ಅಸ್ತರಿಗೂ ಗೆರೆಗೂ ಪಾಳಿಗೂ ಕರೆಂಟಿಗೂ ಏನು ಸಂಬಂಧ? ಒಳಗಿನ ಬಟ್ಟೆಯಲ್ಲಿ ಗೆರೆ ಎಲ್ಲಿದೆ? ಅಸ್ತರು ಗೆರೆಯಿಲ್ಲದ ಸಾದಾ ಬಟ್ಟೆಯೇ. ಈ ಒಂದು ಅರ್ಥ ಮಾತ್ರ ನನ್ನ ಚೀಟಿಯ ಪಾಳಿಯಲ್ಲಿ ನಿಲ್ಲಲೊಲ್ಲದು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಫೋನಿನಲ್ಲಿ ನಿಘಂಟು ತೆರೆದೆ. ಪದ ಎಲ್ಲಿಂದ ಬಂತು ಎಂಬ ಭಾಗ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ಓದಿದೆ. ಓದಿ ಎದ್ದು ಕೂತೆ.

ಇಂಗ್ಲಿಷಿನ ಲೈನು ಲ್ಯಾಟಿನ್ನಿನ 'ಲೀನಿಯ' ಎಂಬ ಪದದ ಮಗಳು. ಲೀನಿಯ ಅಂದರೆ ಮೊದಲಿಗೆ ಗೆರೆ ಅಲ್ಲವೇ ಅಲ್ಲ. ದಾರ! ಅದೂ ಎಂಥ ದಾರ? 'ಲೀನುಮ್' ಎಂಬ ಗಿಡದ ನಾರಿನಿಂದ ಹೊಸೆದ ದಾರ. ರೋಮಿನ ಬಡಿಗರು, ಗೌಂಡಿಗಳು ಆ ದಾರವನ್ನು ಜಗ್ಗಿ ಕಟ್ಟಿ, ಅದರ ನೇರಕ್ಕೆ ಕಟ್ಟಿಗೆ ಕೊಯ್ಯುತ್ತಿದ್ದರು, ಗೋಡೆ ಎಬ್ಬಿಸುತ್ತಿದ್ದರು. ದಾರದ ಹೆಸರು ದಾರ ಬಿಟ್ಟುಹೋದ ಗುರುತಿಗೆ ಬಂತು. ಗುರುತಿನಿಂದ ಗಡಿಗೆ, ಗಡಿಯಿಂದ ಪಾಳಿಗೆ, ಪಾಳಿಯಿಂದ ದಾರಿಗೆ, ತಂತಿಗೆ, ಕರೆಂಟಿಗೆ, ನಮ್ಮ ಗಿರಣಿಗೆ. ಲಿನನ್ ಅಂಗಿ ಅನ್ನುತ್ತೇವಲ್ಲ, ಅದೂ ಅದೇ ಗಿಡದ್ದು. ಹಿಂದೆ ಯುರೋಪಿನಲ್ಲಿ ಉಣ್ಣೆಯ ಅಂಗಿ ಮೈಗೆ ಚುಚ್ಚಬಾರದೆಂದು ಒಳಗೆ ಲಿನನ್ ಹಾಕಿ ಹೊಲಿಯುತ್ತಿದ್ದರು. ಹಾಗೆ ಹಾಕುವುದಕ್ಕೇ ಲೈನಿಂಗ್ ಎಂದು ಹೆಸರು. ನಮ್ಮ ದರ್ಜಿಯಕ್ಕ "ಕಾಟನ್ ಲೈನಿಂಗ್ ಹಾಕತೀನಿ" ಅಂದಾಗ, ತಿಳಿಯದೆಯೇ ಹತ್ತಿಯ ಲಿನನ್ ಹಾಕುತ್ತೇನೆ ಅಂದಿದ್ದಳು. ಪಾಳಿಯಲ್ಲಿ ನಿಲ್ಲಲೊಲ್ಲದ ಪದವೇ ಎಲ್ಲದರ ತವರುಮನೆಯ ದಾರಿ ತೋರಿಸಿತು!

ಸರಿ, ಆ ಲೀನುಮ್ ಗಿಡ ಯಾವುದು? ಲಿನ್ನೇಯಸ್ 1753ರಲ್ಲಿ ಅದಕ್ಕೆ ಇಟ್ಟ ಹೆಸರು ಲೀನುಮ್ ಯುಸಿಟಾಟಿಸಿಮಮ್. ಎಲ್ಲಕ್ಕಿಂತ ಹೆಚ್ಚು ಉಪಯೋಗದ ಲೀನುಮ್ ಎಂದು ಅದರ ಅರ್ಥ. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆ ಇದರದ್ದೇ. ಜಾರ್ಜಿಯಾ ದೇಶದ ಒಂದು ಗುಹೆಯಲ್ಲಿ ಸುಮಾರು 30,000 ವರ್ಷ ಹಿಂದಿನ ಇದರ ಕಾಡುಜಾತಿಯ ನಾರು ಸಿಕ್ಕಿದೆ, ಹೊಸೆದದ್ದು, ಬಣ್ಣ ಹಾಕಿದ್ದು. ಚಿತ್ರ ನೋಡಿದೆ. ಸಣ್ಣ ಎಲೆ, ನೀಲಿ ಹೂವು, ಕಡಲೆಕಾಳಿನಷ್ಟು ದುಂಡನೆಯ ಕಾಯಿ. ಈ ನೀಲಿ ನಾನು ಎಲ್ಲೋ ನೋಡಿದ್ದೇನಲ್ಲ! ಇನ್ನೊಂದು ಪುಟ ತೆರೆದು ಕನ್ನಡದ ಹೆಸರು ಹುಡುಕಿದೆ.

ಅಗಸೆ.

ಅಗಸಿ! ನಮ್ಮ ಅಗಸಿ! ಮಾಳಿಗೆಯ ಕೆಳಗೆ ಚಿಗವ್ವನ ಅಡಿಗೆಮನೆಯ ಹಲಗೆಯ ಮೇಲಿನ ಗಾಜಿನ ಭರಣಿಯಲ್ಲಿ ತುಂಬಿಟ್ಟಿದ್ದ ಅಗಸಿ ಹಿಂಡಿ! ಎರಡು ತಾಸಿನ ಹಿಂದೆ ಖಡಕ್ ರೊಟ್ಟಿಗೆ ಹಚ್ಚಿಕೊಂಡು ತಿಂದದ್ದು ಲೈನು!

ರಾತ್ರಿ ಹತ್ತೂವರೆಗೆ ಕೆಳಗಿಳಿದು ಭರಣಿ ಎತ್ತಿಕೊಂಡು ಬಂದ ನನ್ನನ್ನು ಕಂಡು ಚಿಗವ್ವ ಗಾಬರಿಯಾದಳು. "ಹಸದ್ಯೇನವ್ವಾ?" ಅಂದಳು. ಹೇಗೆ ಹೇಳಲಿ ಇವಳಿಗೆ? ಹಿಟ್ಟಿನ ಗಿರಣಿಯ ಪಾಳಿ, ಕುಷ್ಟಗಿಯ ರೈಲು, ಜೆಸ್ಕಾಂನ ಕರೆಂಟಿನ ತಂತಿ, ಪಾನ್ ಡಬ್ಬಿಯ ಹುಡುಗ, ಎಲ್ಲರೂ ಈ ಭರಣಿಯಿಂದ ಎದ್ದು ಬಂದವರು ಅಂತ? ಹೇಳಿದೆ. ಎಲ್ಲ ಕೇಳಿ ಅವಳು ಸುಮ್ಮನೆ ಭರಣಿಯತ್ತ ನೋಡಿದಳು. ಆಮೇಲೆ, "ಅದಕ್ಕ ಅಗಸಿ ನೆನಸಿದ್ರ ಎಳಿ ಎಳಿ ಬರತೈತಿ" ಅಂದಳು. ಕಾಳು ನೀರಲ್ಲಿ ಬಿಟ್ಟರೆ ಲೋಳೆ ಬಿಟ್ಟು ಎಳೆ ಎಳೆಯಾಗಿ ಜಗ್ಗುತ್ತದೆ, ನಿಜ. ಆ ಎಳೆಗೂ ಕಾಂಡದ ನಾರಿಗೂ ನಂಟಿಲ್ಲ. ಆದರೆ ಚಿಗವ್ವ ಆಡಿದ 'ಎಳಿ' ಎಂಬ ಪದ ನನ್ನ ನಿದ್ದೆಯನ್ನೇ ಕೆಡಿಸಿತು.

ಯಾಕೆಂದರೆ ಕನ್ನಡದಲ್ಲಿ ಎಳೆ ಅಂದರೆ ದಾರದ ಒಂದು ನೂಲು. ಎಳೆ ಅಂದರೆ ಜಗ್ಗು ಎಂಬ ಕ್ರಿಯೆಯೂ ಹೌದು. ನಾವು ಗೆರೆಯನ್ನು ಬರೆಯುವುದಿಲ್ಲ, ಎಳೆಯುತ್ತೇವೆ! ಅಂಗಳದ ರಂಗೋಲಿಯಲ್ಲಿ ಬಳಸಿ ಬರುವ ಗೆರೆಗೂ ಎಳೆ ಅಂತಲೇ ಹೆಸರು. ಬೆರಳ ಸಂದಿಯಿಂದ ಪುಡಿ ಜಾರಿ ನೆಲಕ್ಕೆ ಬೀಳುವುದನ್ನು ನೋಡಿ, ಅದು ದಾರ ಬಿಚ್ಚಿಕೊಂಡು ಬಂದ ಹಾಗೆಯೇ ಇರುತ್ತದೆ. ರೋಮಿನ ಬಡಿಗ ದಾರದಲ್ಲಿ ಗೆರೆ ಕಂಡ. ನಮ್ಮ ಅವ್ವಂದಿರು ಗೆರೆಯಲ್ಲಿ ದಾರ ಕಂಡರು.

ಒಮ್ಮೆ ಈ ಎಳೆ ಕೈಗೆ ಸಿಕ್ಕ ಮೇಲೆ ಜಗ್ಗಿದಷ್ಟೂ ಬರತೊಡಗಿತು. ಸಂಸ್ಕೃತದ ಸೂತ್ರ ಎಂದರೆ ಮೊದಲಿಗೆ ದಾರ. ಆಮೇಲೆ ಗಣಿತದ ಸೂತ್ರ, ವ್ಯಾಕರಣದ ಸೂತ್ರ, ಗೊಂಬೆಯಾಟದ ಸೂತ್ರಧಾರ. ಯಜ್ಞವೇದಿಕೆ ಕಟ್ಟಲು ಹಗ್ಗ ಹಿಡಿದು ಅಳೆಯುವ ರೇಖಾಗಣಿತಕ್ಕೆ ಶುಲ್ಬಸೂತ್ರ ಎಂದೇ ಹೆಸರು. ಶುಲ್ಬವೆಂದರೆ ಹಗ್ಗ, ಸೂತ್ರವೆಂದರೆ ದಾರ. ಹಿಗ್ಗಿಸು ಎಂಬ ಅರ್ಥದ 'ತನ್' ಧಾತುವಿನಿಂದ ತಂತು ಬಂತು, ತಂತ್ರ ಬಂತು, ವೀಣೆಯ ತಂತಿ ಬಂತು. ಮೊನ್ನೆ ಮೊನ್ನೆ, 2013ರ ಜುಲೈವರೆಗೆ, ಅಂಚೆಯವ ಸಾವಿನ ಸುದ್ದಿ ತರುತ್ತಿದ್ದದ್ದೂ ತಂತಿಯೇ. ಅದೇ ಧಾತುವಿನಿಂದಲೇ ಸಂತಾನ, ಸಂತತಿ. ಇಂಗ್ಲಿಷಿನಲ್ಲಿ ವಂಶಕ್ಕೆ 'ಲಿನಿಯೇಜ್' ಅನ್ನುತ್ತಾರೆ, ಅದೂ ಲೈನೇ, ಅಗಸಿಯ ದಾರವೇ. ತಮಿಳಿನಲ್ಲಿ 'ನೂಲ್' ಅಂದರೆ ದಾರವೂ ಹೌದು, ಪುಸ್ತಕವೂ ಹೌದು! ದೂರ ದೂರದ ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನೆನಪಿಗೂ ಮಕ್ಕಳಿಗೂ ವಿದ್ಯೆಗೂ ದಾರವನ್ನೇ ಹಿಡಿದರು. ಕೈಯಲ್ಲಿ ದಾರ ಹೊಸೆಯುತ್ತ ಕೂತವರ ಬಾಯಲ್ಲೇ ಭಾಷೆ ಬೆಳೆಯಿತೇನೋ ಅನ್ನಿಸುತ್ತದೆ ನನಗೆ.

ಇಷ್ಟರಲ್ಲಿ ಅಗಸಿ ಎಂಬ ಪದವೂ ನನ್ನನ್ನು ಕೆಣಕತೊಡಗಿತು. ಉತ್ತರ ಕರ್ನಾಟಕದ ಯಾವ ಊರಲ್ಲಾದರೂ ಅಗಸಿ ಎಲ್ಲಿ ಎಂದು ಕೇಳಿರಿ, ಊರ ಹೆಬ್ಬಾಗಿಲು ತೋರಿಸುತ್ತಾರೆ. ಹಬ್ಬದಲ್ಲಿ ದೇವರು ಅಗಸಿಯೊಳಗಿಂದ ಬರಬೇಕು, ಮದುಮಗ ಅಗಸಿಯಲ್ಲಿ ಇಳಿಯಬೇಕು. ಊರಿನ ಬಾಗಿಲೂ ಅಗಸಿ, ಭರಣಿಯ ಕಾಳೂ ಅಗಸಿ, ದಕ್ಷಿಣಕ್ಕೆ ಹೋದರೆ ಪಲ್ಯ ಮಾಡುವ ಹೂವಿನ ಮರವೂ ಅಗಸೆ. ಒಂದೇ ಪದ ಹಲವು ಮನೆ ಆಳುವ ಸೊಗಸು ಇಂಗ್ಲಿಷಿನದೊಂದೇ ಸೊತ್ತೆಂದು ಯಾರು ಹೇಳಿದರು? ನಮ್ಮ 'ಸಾಲು' ನೋಡಿ. ನೇಗಿಲು ಹೊಡೆದ ಹೊಲದ ಸಾಲು, ರಸ್ತೆಬದಿಯ ಮರಗಳ ಸಾಲು, ಪದ್ಯದ ಸಾಲು. ಇಂಗ್ಲಿಷಿನಲ್ಲಿ ಪದ್ಯಕ್ಕೆ 'ವರ್ಸ್' ಅನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲಕ್ಕೂ ನೇಗಿಲು ತಿರುಗಿಸಿ ಬಂದ ಸಾಲು ಎಂಬ ಅರ್ಥವಿತ್ತು. ಅವರ ರೈತನೂ ನಮ್ಮ ರೈತನೂ ಹೊಲದ ಬದುವಿನ ಮೇಲೆ ನಿಂತು ಒಂದೇ ಮಾತು ಆಡಿದ್ದಾರೆ!

ಈಗ ಊರಿನ ಹೆಸರಿಗೆ ಬರುತ್ತೇನೆ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ತಾವರೆಯ ಕೆರೆ, ತಾವರೆಗೆರೆ, ಜನರ ಬಾಯಲ್ಲಿ ತಾವರಗೇರಾ. ಕ ಹೋಗಿ ಗ ಬಂತು. ಶಾಲೆಯಲ್ಲಿ ಬೆಟ್ಟದಾವರೆ, ಕೆಂದಾವರೆ ಎಂದು ಬಾಯಿಪಾಠ ಮಾಡಿದ ಆದೇಶ ಸಂಧಿ ಇದು. ಅಲ್ಲಿ ತಾವರೆಯ ತ ದ ಆಯಿತು, ಇಲ್ಲಿ ಕೆರೆಯ ಕ ಗ ಆಯಿತು. ಗಿಣಿಗೇರಾದಲ್ಲೂ ಹೀಗೆಯೇ, ಕವಿರಾಜಮಾರ್ಗವು ಕೊಪಣದ, ಅಂದರೆ ಇಂದಿನ ಕೊಪ್ಪಳದ, ಜೊತೆಗೆ ತಿರುಳ್ಗನ್ನಡದ ನಾಲ್ಕು ಊರುಗಳಲ್ಲಿ ಒಂದೆಂದು ಹೇಳಿದ ಪುಲಿಗೆರೆಯಲ್ಲೂ ಹೀಗೆಯೇ. ಹಾಗೆ ಬದಲಾದ ಕೆರೆ ಕಿವಿಗೆ ಏನಾಗಿ ಬಿತ್ತು? ಗೆರೆ! ಲೈನು! ಸಂಧಿಯಿಂದ ಹುಟ್ಟಿದ ಈ ಗೆರೆಗೂ ಹಾಳೆಯ ಮೇಲೆ ಎಳೆಯುವ ಗೆರೆಗೂ ಬೇರಿನಲ್ಲಿ ಸಂಬಂಧವಿಲ್ಲ, ಅದು ನನಗೆ ಗೊತ್ತು. ಎರಡು ಬೇರೆ ಮನೆಯ ಮಕ್ಕಳು ಒಂದೇ ಮುಖ ಹೊತ್ತು ಬಂದಿದ್ದಾರೆ, ಅಷ್ಟೇ. ಆದರೂ ಇಷ್ಟು ದಿನ ಲೈನು ಹುಡುಕುತ್ತ ಅಲೆದ ಊರಿನ ಹೆಸರಿನ ಬಾಲದಲ್ಲೇ ಅದು ಕೂತಿತ್ತು ಎಂಬುದು, ಬಸ್ಸಿನ ಬೋರ್ಡಿನ ಮೇಲೆ ಬರೆದುಕೊಂಡು ದಿನಾ ಓಡಾಡುತ್ತಿತ್ತು ಎಂಬುದು, ಹೇಳಿ, ಸಣ್ಣ ಸಂಗತಿಯೇ?

ಐದನೆಯ ದಿನಕ್ಕೆ ನನಗೆ ಪುಸ್ತಕದ ಮಾತು ಸಾಕಾಯಿತು. ದಾರ ಕಣ್ಣಾರೆ ನೋಡಬೇಕು.

ಅಗಸಿ ಬಿತ್ತುವವರು ಮೊದಲಿನಷ್ಟು ಇಲ್ಲ. ಎರಿ ಹೊಲದಲ್ಲಿ ಹಿಂಗಾರಿಗೆ ಕಡಲಿ, ಬಿಳಿಜೋಳ, ನಡುನಡುವೆ ಮನೆಮಟ್ಟಿಗೆಂದು ನಾಲ್ಕು ಸಾಲು ಅಗಸಿ, ಕುಸುಬಿ. ಚಿಗವ್ವನ ಹೊಲದಲ್ಲಿ ಅಂಥ ನಾಲ್ಕು ಸಾಲು ಇದ್ದವು. ನೀಲಿ ಹೂವಿನ ಕಾಲ ಮುಗಿದಿತ್ತು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಪಕಳೆ ಉದುರಿಸುವ ಹೂವು ಅದು, ಹೊಲಕ್ಕೆ ತಡವಾಗಿ ಹೋದವರಿಗೆ ಕಾಣುವುದೇ ಇಲ್ಲ. ಕಾಯಿ ಬಲಿತು, ಕಿತ್ತು, ಬಡಿದು ಕಾಳು ತೆಗೆದು, ಕಾಂಡದ ಹೊರೆಯನ್ನು ಒಲೆಗೆಂದು ಬದುವಿಗೆ ಒಗೆದಿದ್ದರು. ನಮ್ಮಲ್ಲಿ ಬೆಳೆಯುವುದು ಕಾಳಿನ ಜಾತಿ. ಗಿಡ್ಡ, ಕವಲು ಹೆಚ್ಚು. ಯುರೋಪಿನಲ್ಲಿ ಬಟ್ಟೆಗೆಂದು ಬೆಳೆಯುವುದು ಸೊಂಟದುದ್ದದ, ಕವಲಿಲ್ಲದ ಜಾತಿ. ಆದರೆ ನಾರು ಎರಡರ ಮೈಯಲ್ಲೂ ಇದೆ.

ಒಂದು ಒಣಗಿದ ಕಡ್ಡಿ ತೆಗೆದುಕೊಂಡು ನಡುವೆ ಮುರಿದೆ. ಲಟ್ ಅಂತ ಮುರಿಯಿತು. ಮುರಿದದ್ದು ಒಳಗಿನ ಕಟ್ಟಿಗೆ ಮಾತ್ರ. ಹೊರಗಿನ ಸಿಪ್ಪೆ ಮುರಿಯಲೊಲ್ಲದು! ಎರಡು ತುಂಡುಗಳು ಒಂದನ್ನೊಂದು ಬಿಡದೆ ತೂಗಾಡಿದವು. ಬಿಸಿಲಿಗೆ ಹಿಡಿದು ನೋಡಿದೆ. ತುಂಡುಗಳ ನಡುವೆ ಕೂದಲಿಗಿಂತ ಸಣ್ಣ, ಬೆಳ್ಳಿಯಂಥ ಏಳೆಂಟು ಎಳೆ. ಲೀನಿಯ. ನನ್ನ ಬೆರಳ ನಡುವೆ!

ಮುತ್ಯಾ ಬದುವಿನ ಬೇವಿನ ನೆರಳಿನಲ್ಲಿ ಕೂತು ನನ್ನ ಆಟ ನೋಡುತ್ತಿದ್ದರು. ಹೇಳಿದೆ. ಅವರಿಗೆ ಅಚ್ಚರಿಯೇನೂ ಆಗಲಿಲ್ಲ. "ಪುಂಡಿ ಇದ್ದಂಗ ಐತಿ ಬಿಡು. ನೀರಿಗೆ ಹಾಕು, ಸಿಪ್ಪಿ ತಾನ ಬಿಡತೈತಿ" ಅಂದರು. ಪುಂಡಿ! ಎಲೆಯನ್ನು ಪಲ್ಯಕ್ಕೆ ಮುರಿದುಕೊಂಡು, ಕಟ್ಟಿಗೆಯನ್ನು ಹಳ್ಳದಲ್ಲಿ ಕೊಳೆ ಹಾಕಿ, ನಾರು ಬಿಡಿಸಿ ಎತ್ತಿನ ಹಗ್ಗ ಹೊಸೆಯುತ್ತಿದ್ದ ಕಾಲದವರು ಅವರು. ಕಾಂಡದ ಒಳಗಿನ ಅಂಟು ನೀರಿನಲ್ಲಿ ಕೊಳೆತು, ನಾರು ಕಟ್ಟಿಗೆಯಿಂದ ಕಳಚಿಕೊಳ್ಳುವ ಆ ವಿದ್ಯೆಯನ್ನೇ ನೈಲ್ ನದಿಯ ದಂಡೆಯವರೂ ಅಗಸಿಗೆ ಮಾಡುತ್ತಿದ್ದರು. ಮುತ್ಯಾನಿಗೆ ಇಡೀ ವಿದ್ಯೆ ಕೈಯಲ್ಲೇ ಇತ್ತು, ಗಿಡ ಮಾತ್ರ ಬೇರೆ. ದನದ ನೀರಿನ ಹಳೆಯ ತೊಟ್ಟಿಯಲ್ಲಿ ಒಂದು ಕಟ್ಟು ಕಡ್ಡಿ ಮುಳುಗ ಹಾಕಿ, ಮೇಲೆ ಕಲ್ಲು ಹೇರಿದೆವು. ಚಿಗವ್ವ ವಾಸನೆಗೆ ಮೂಗು ಮುಚ್ಚಿಕೊಂಡಳು. ಆದರೂ ಚೆಲ್ಲಿ ಬಿಡಿರಿ ಅನ್ನಲಿಲ್ಲ. ಊರಿಗೆ ಹೊರಡುವ ದಿನ ಮುಂದೂಡಿದೆ.

ನೀರಿಗೆ ಹಾಕಿದ ಆರನೆಯ ಬೆಳಿಗ್ಗೆ ಮುತ್ಯಾ ಕಟ್ಟು ಬಿಚ್ಚಿ ಒಂದು ಕಡ್ಡಿಯನ್ನು ಉಗುರಿನಿಂದ ಗೀರಿದರು. ಸಿಪ್ಪೆ ತುದಿಯಿಂದ ಬುಡದವರೆಗೆ ಸಲೀಸಾಗಿ ಬಿಟ್ಟು ಬಂತು. ಬಿಸಿಲಿಗೆ ಹರವಿ, ಒಣಗಿದ ಮೇಲೆ ಕಲ್ಲಿನ ಮೇಲಿಟ್ಟು ಸಣ್ಣಗೆ ಬಡಿದು ಕಸ ಉದುರಿಸಿದೆವು. ಉಳಿದದ್ದು ಒಂದು ಹಿಡಿ, ಮುದುಕಿಯ ಜಡೆಯಂಥ ಬೂದುಬಣ್ಣದ ನಾರು. ಮುತ್ಯಾ ಧೋತರ ಮೇಲೆತ್ತಿ, ತೊಡೆಗೆ ನೀರು ಸವರಿ, ಎರಡು ಎಳೆ ಇಟ್ಟು ಅಂಗೈಯಿಂದ ಮುಂದಕ್ಕೆ ಹೊಸೆದರು, ಹಿಂದಕ್ಕೆ ಹೊಸೆದರು. ಹುರಿ ಕೂತಿತು. ತುದಿಗೆ ಮತ್ತೊಂದು ಎಳೆ ಸೇರಿಸಿದರು. ಎಂಬತ್ತು ದಾಟಿದ ಕೈ ಎಲ್ಲೂ ತಡೆಯಲಿಲ್ಲ. ಒಂದು ತಾಸಿಗೆ ಎರಡು ಮೊಳ ದಾರ.

ಅಟ್ಟದ ಮೇಲಿನ ಡಬ್ಬಿಯಿಂದ ಚಿಗವ್ವ ಗೋಡೆಗೆ ಬಳಿಯುವ ಹುರಮಂಜು ತಂದಳು. ದಾರವನ್ನು ಅದರಲ್ಲಿ ಎಳೆದಾಡಿಸಿದೆ, ಕೆಂಪಾಯಿತು. ಕಟ್ಟೆಯ ಬಿಳಿ ಕಲ್ಲಿನ ಮೇಲೆ ಒಂದು ತುದಿ ಮುತ್ಯಾ ಒತ್ತಿ ಹಿಡಿದರು, ಇನ್ನೊಂದು ತುದಿ ಚಿಗವ್ವ.

"ಹೂಂ, ಮೀಟು" ಅಂದರು ಮುತ್ಯಾ.

ನಡುವಿನಲ್ಲಿ ಚಿವುಟಿ ಎತ್ತಿ ಬಿಟ್ಟೆ. ಟಪ್ ಅಂತು. ದಾರ ತೆಗೆದೆವು. ಕಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ, ಕೆಂಪಗೆ, ನೆಟ್ಟಗೆ, ಲೈನು.

ಅಷ್ಟರಲ್ಲಿ ಓಣಿಯ ಆಚೆಯಿಂದ ಗಿರಣಿಯ ಸದ್ದು ಕೇಳಿಸಿತು. ಚಿಗವ್ವ ಹುರಮಂಜಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದಳು. "ಲೈನ್ ಬಂತು ನೋಡು. ಡಬ್ಬಿ ತಗೊಂಡು ಓಡು, ಪಾಳಿ ತಪ್ಪೀತು."